‘ಆರ್ವೆಲಿಯನ್’: ಪ್ರತ್ಯಯವೊಂದು ಮಾಡಿದ ಅನ್ಯಾಯ

ವ್ಯಕ್ತಿನಾಮಕ್ಕೆ ತದ್ಧಿತ ಪ್ರತ್ಯಯ ಸೇರಿಸಿ ವಿಶೇಷಣವನ್ನು ಸಾಧಿಸುವ ಕ್ರಮ ಭಾರತೀಯ ವೈಯಾಕರಣರಿಗೆ ಹೊಸದಲ್ಲ. ಜಿನನಿಂದ ‘ಜೈನ’, ಪಾಣಿನಿಯಿಂದ ‘ಪಾಣಿನೀಯ’ ಸಿದ್ಧವಾದವು. ಇಂಗ್ಲಿಷಿನಲ್ಲಿ ಇದೇ ಕಾರ್ಯವನ್ನು ಲ್ಯಾಟಿನ್ ಮೂಲದ ‘ಇಯನ್’ ಪ್ರತ್ಯಯ ನೆರವೇರಿಸುತ್ತದೆ. ಪಾಣಿನೀಯವೆಂದರೆ ಪಾಣಿನಿ ರಚಿಸಿದ್ದು, ಅವನ ಮತಕ್ಕೆ ಸೇರಿದ್ದು. ‘ಆರ್ವೆಲಿಯನ್’ ಎಂಬ ವಿಶೇಷಣದಲ್ಲಿ ಮಾತ್ರ ಈ ಸಂಬಂಧ ತಲೆಕೆಳಗಾಗಿದೆ.

ಇಲ್ಲಿಯ ಪ್ರಕೃತಿಯಾದ ‘ಆರ್ವೆಲ್’ ಹುಟ್ಟುಹೆಸರಲ್ಲ. 1903ರ ಜೂನ್ 25ರಂದು ಇಂದಿನ ಬಿಹಾರದ ಮೋತಿಹಾರಿಯಲ್ಲಿ, ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ಅಧಿಕಾರಿಯೊಬ್ಬರ ಮಗನಾಗಿ ಜನಿಸಿದವರು ಎರಿಕ್ ಆರ್ಥರ್ ಬ್ಲೇರ್. 1933ರಲ್ಲಿ ತಮ್ಮ ಮೊದಲ ಪುಸ್ತಕವನ್ನು ಪ್ರಕಟಿಸುವಾಗ ಅವರು ಜಾರ್ಜ್ ಆರ್ವೆಲ್ ಎಂಬ ಕಾವ್ಯನಾಮವನ್ನು ತಳೆದರು. ಆರ್ವೆಲ್ ಎಂಬುದು ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ನದಿ. ಹೀಗೆ ನದಿಯ ಹೆಸರು ಲೇಖಕನಿಗೆ ಬಂದು, ಲೇಖಕನಿಂದ ವಿಶೇಷಣಕ್ಕೆ ಸಂದಿತು. ‘ನೈನ್‌ಟೀನ್ ಎಯ್ಟಿಫೋರ್’ ಕಾದಂಬರಿ 1949ರ ಜೂನ್‌ನಲ್ಲಿ ಪ್ರಕಟವಾಯಿತು. 1950ರ ಜನವರಿ 21ರಂದು ಅವರು ಕ್ಷಯದಿಂದ ತೀರಿಕೊಂಡರು. ತಮ್ಮ ಹೆಸರಿನ ವಿಶೇಷಣ ರೂಢಿಗೆ ಬಂದುದನ್ನು ಕಾಣಲು ಅವರು ಉಳಿಯಲಿಲ್ಲ.

ಆ ರೂಢಿಯ ಅರ್ಥವೇನು? ಪ್ರಜೆಗಳ ಮೇಲೆ ನಿರಂತರ ಕಣ್ಗಾವಲು, ಇತಿಹಾಸದ ತಿದ್ದುವಿಕೆ, ಸುಳ್ಳಿಗೆ ಸತ್ಯದ ವೇಷ. ಆರ್ವೆಲ್ ಯಾವುದನ್ನು ಜೀವಮಾನವಿಡೀ ವಿರೋಧಿಸಿದರೋ ಅದಕ್ಕೇ ಅವರ ಹೆಸರು ಅಂಟಿತು. ಪ್ರತ್ಯಯ ಹೇಳುವುದು ‘ಸಂಬಂಧಪಟ್ಟದ್ದು’ ಎಂದಷ್ಟೆ. ಸಂಬಂಧ ಕರ್ತೃವಿನದೋ ಪ್ರತಿಭಟಿಸಿದವನದೋ ಎಂಬುದನ್ನು ಅದು ತಿಳಿಸದು. ಕಾದಂಬರಿಯನ್ನು ಓದದವನಿಗೆ ರೋಗದ ಹೆಸರೇ ವೈದ್ಯನ ಹೆಸರಾಗಿ ಕೇಳಿಸುತ್ತದೆ.

ಕಾದಂಬರಿಯ ಅನುಬಂಧ ಈ ವಿಡಂಬನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಅಲ್ಲಿ ‘ನ್ಯೂಸ್ಪೀಕ್’ ಎಂಬ ಕಲ್ಪಿತ ರಾಜಭಾಷೆಯ ವ್ಯಾಕರಣವಿದೆ. ಅದರಲ್ಲಿ ವಿಶೇಷಣಗಳನ್ನು ಸಾಧಿಸಲು ‘ಫುಲ್’, ಕ್ರಿಯಾವಿಶೇಷಣಗಳನ್ನು ಸಾಧಿಸಲು ‘ವೈಸ್’ ಎಂಬ ಪ್ರತ್ಯಯಗಳೇ ಸಾಕು. ಪದಗಳನ್ನು ಕಡಿಮೆ ಮಾಡಿ ಯೋಚನೆಯನ್ನೇ ಕುಗ್ಗಿಸುವುದು ಆ ಭಾಷೆಯ ಗುರಿ. ಪ್ರತ್ಯಯದ ಇಂಥ ಯಾಂತ್ರಿಕತೆಯನ್ನು ಅಣಕಿಸಿದ ಲೇಖಕನೇ ಕಡೆಗೆ ಪ್ರತ್ಯಯಕ್ಕೆ ಸೆರೆಯಾದುದು ವಿಪರ್ಯಾಸ.

ಸವೆದ ಪದಗಳು ರಾಜಕೀಯದ ಅಸತ್ಯಕ್ಕೆ ಆಸರೆಯಾಗುತ್ತವೆಂದು 1946ರ ‘ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲ್ಯಾಂಗ್ವೇಜ್’ ಪ್ರಬಂಧದಲ್ಲಿ ಆರ್ವೆಲ್ ಎಚ್ಚರಿಸಿದ್ದರು. ಇಂದು ಎಡಬಲಗಳೆರಡೂ ಎದುರಾಳಿಯನ್ನು ಹಳಿಯಲು ‘ಆರ್ವೆಲಿಯನ್’ ಎನ್ನುತ್ತವೆ. ಅವರ ಹೆಸರೂ ಸವೆದ ಪದಗಳ ಸಾಲಿಗೆ ಸೇರುತ್ತಿದೆ. ಅದನ್ನು ಉಳಿಸಿಕೊಳ್ಳಬೇಕಾದರೆ ವಿಶೇಷಣವನ್ನು ಬಿಟ್ಟು ವಿಶೇಷ್ಯದತ್ತ, ಅಂದರೆ ಆ ಬರಹಗಳತ್ತ, ಹಿಂದಿರುಗಬೇಕು.