ಒಂದೇ ಹಳ್ಳಿಯ ತಾಲ್ಲೂಕು

ತಕಾಯಾಮಾ, ಗಿಫು ಪ್ರಾಂತ್ಯ, ಜಪಾನ್

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ಪುಟ್ಟಿ ಮಾಡುವ ನಮಸ್ಕಾರಗಳು.

ದೇವಸ್ಥಾನ, ಊಟ, ಚಳಿಯ ಸುದ್ದಿಯೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿಯಾಗಿದೆ. ಅದು ನಿಮ್ಮ ಮನೆಗೂ ತಲುಪಿರುತ್ತದೆ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿ ಎಳೆಸಿ ನಿವೃತ್ತರಾದ ನೀವು ಯಾವ ಊರಿನ ಹೆಸರು ಕೇಳಿದರೂ ಮೊದಲು ಕೇಳುವುದು ‘ಅದು ಯಾವ ಹೋಬಳಿ?’ ಎಂದು. ಹಾಗಾಗಿ ಈ ಕಾಗದದಲ್ಲಿ ಬರೀ ಚೆಕ್ಕುಬಂದಿ.

ಜಪಾನಿನಲ್ಲಿ ಒಟ್ಟು 47 ಪ್ರಾಂತ್ಯ. ಪ್ರತಿಯೊಂದಕ್ಕೂ ಜನರೇ ಓಟು ಹಾಕಿ ಆರಿಸಿದ ಗವರ್ನರ್. ಅದರ ಕೆಳಗೆ ನೇರವಾಗಿ ನಗರ, ಪಟ್ಟಣ, ಹಳ್ಳಿ. ನಡುವೆ ಜಿಲ್ಲಾಧಿಕಾರಿ ಇಲ್ಲ, ತಹಶೀಲ್ದಾರರೂ ಇಲ್ಲ. ನಾನಿರುವುದು ಗಿಫು ಪ್ರಾಂತ್ಯದ ಬಡಗಣ ಭಾಗದಲ್ಲಿ. ತೆಂಕಣದ ಮಿನೋ ಬಯಲು ಸೀಮೆ. ನದಿ, ನೆರೆ, ಒಡ್ಡು ಅಲ್ಲಿನ ಮಾತು. ಬಡಗಣದ ಹಿದಾ ಬರೀ ಬೆಟ್ಟ. ಹಿಂದೆ ಇವೆರಡೂ ಬೇರೆ ಬೇರೆ ನಾಡುಗಳು. ಈಗ ಒಂದೇ ಕಡತಕ್ಕೆ ಹೊಲಿದಿದ್ದಾರೆ, ಅಷ್ಟೆ.

ನಗೋಯಾದಿಂದ ಬರುವ ರೈಲು ಹಿದಾ ನದಿಯ ಪಾತ್ರ ಹಿಡಿದು ಮೇಲೇರುತ್ತದೆ. ನದಿ ನಮಗೆದುರಾಗಿ ಪೆಸಿಫಿಕ್ ಕಡೆಗೆ ಇಳಿಯುತ್ತಿರುತ್ತದೆ. ಕುಗುನೊ ನಿಲ್ದಾಣ ದಾಟಿದ ಮೇಲೆ ಒಂದು ಸುರಂಗ, ಎರಡು ಕಿಲೋಮೀಟರಿನದು. ಅದರಿಂದ ಹೊರಬಿದ್ದ ಮೇಲೆ ಜೊತೆಗೆ ಸಿಗುವುದು ಬೇರೆಯೇ ನದಿ, ಹೆಸರು ಮಿಯಾ. ಅದು ನಮ್ಮ ಜೊತೆಗೇ ಬಡಗಣಕ್ಕೆ, ಜಪಾನ್ ಸಮುದ್ರದ ಕಡೆಗೆ ಓಡುತ್ತದೆ. ಕತ್ತಲಲ್ಲಿ ನಾವು ದೇಶದ ನೆತ್ತಿಯನ್ನೇ ದಾಟಿಬಿಟ್ಟಿರುತ್ತೇವೆ! ಆಡಳಿತಕ್ಕೆ ಮಾತ್ರ ಆ ನೆತ್ತಿಯ ಗೊಡವೆಯಿಲ್ಲ: ಅತ್ತಲೂ ಇತ್ತಲೂ ತಕಾಯಾಮಾ ನಗರವೇ.

ನಗರ ಅಂದೆನೆಂದು ಮೋಸ ಹೋಗಬೇಡಿ. 2005ರ ಫೆಬ್ರವರಿಯಲ್ಲಿ ಸುತ್ತಲಿನ 9 ಹಳ್ಳಿ-ಪಟ್ಟಣಗಳನ್ನು ಒಳಗೆ ಹಾಕಿಕೊಂಡು ತಕಾಯಾಮಾ 2,178 ಚದರ ಕಿ.ಮೀ. ಆಯಿತು. ವಿಸ್ತಾರದಲ್ಲಿ ಜಪಾನಿನ ಯಾವ ನಗರವೂ ಇದಕ್ಕೆ ಸಮವಿಲ್ಲ. ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು. ಆ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ. ಇಲ್ಲಿ 2020ರ ಗಣತಿಗೆ ಸಿಕ್ಕವರು 84 ಸಾವಿರ. ನೂರಕ್ಕೆ 92 ಪಾಲು ಕಾಡು. ನಗರದ ಸರಹದ್ದು 3,190 ಮೀಟರ್ ಎತ್ತರದ ಒಕುಹೊತಾಕಾ ಶಿಖರದ ಮೇಲೆ ಹಾಯುತ್ತದೆ. ಅಲ್ಲಿ ಗಡಿಕಲ್ಲು ನೆಡಿ ಎಂದು ನಿಮಗೆ ಆರ್ಡರ್ ಬಂದಿದ್ದರೆ ಅಂದೇ ಮೆಡಿಕಲ್ ರಜೆ ಹಾಕುತ್ತಿದ್ದಿರೇನೋ.

ಹೀಗೆ ಕೂಡಿಸುವ ಕೆಲಸ ದೇಶದ ತುಂಬ ನಡೆದಿದೆ. 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳು 2010ರ ಹೊತ್ತಿಗೆ 1,727ಕ್ಕೆ ಇಳಿದವು. ಹಳ್ಳಿಗಳಲ್ಲಿ ಜನ ಕಡಿಮೆ, ವಯಸ್ಸಾದವರೇ ಹೆಚ್ಚು, ತೆರಿಗೆ ಸಾಲದು. ಒಂದಾದರೆ ಸಾಲದಲ್ಲಿ ಅನುಕೂಲ ಮಾಡಿಕೊಡುತ್ತೇವೆಂದು ಕೇಂದ್ರ ಸರ್ಕಾರ ಆಸೆ ತೋರಿಸಿತು. ಹಳೆಯ ಹಳ್ಳಿ ಕಚೇರಿಗಳೀಗ ನಗರದ ಶಾಖಾ ಕಚೇರಿಗಳು. ಹಳ್ಳಿಗಳ ಹೆಸರನ್ನು ವಿಳಾಸದಲ್ಲಿ ಉಳಿಸಿ, ಬೊಕ್ಕಸವನ್ನು ತಕಾಯಾಮಾಕ್ಕೆ ಒಯ್ದಿದ್ದಾರೆ. ಜಾಣತನವೇ, ಆದರೆ ನನಗೆ ಹಿಡಿಸಲಿಲ್ಲ.

ಸೇರದೆ ಉಳಿದದ್ದು ಶಿರಾಕಾವಾ ಎಂಬ ಹಳ್ಳಿ. ಸುಮಾರು 1,500 ಜನ, ಕೈಮುಗಿದಂತೆ ಕಡಿದಾಗಿ ನಿಂತ ಹುಲ್ಲಿನ ಚಾವಣಿಗಳು, 1995ರಿಂದ ವಿಶ್ವ ಪರಂಪರೆಯ ಪಟ್ಟ. ಸ್ವಾರಸ್ಯ ಏನೆಂದರೆ, ಅದು ಓನೊ ಎಂಬ ‘ಗುನ್’ಗೆ ಸೇರಿದ್ದು. ಗುನ್ ಅಂದರೆ ನಮ್ಮ ತಾಲ್ಲೂಕಿನಂಥದ್ದು ಅಂದುಕೊಳ್ಳಿ. ಅದರ ಉಳಿದ 7 ಹಳ್ಳಿ-ಪಟ್ಟಣಗಳೂ ತಕಾಯಾಮಾದೊಳಗೆ ಕರಗಿಹೋದವು. ಗುನ್ ಕಚೇರಿಗಳನ್ನು ದೇಶಾದ್ಯಂತ 1926ರಲ್ಲೇ ಮುಚ್ಚಿದ್ದಾರೆ. ಕಚೇರಿಯಿಲ್ಲ, ಅಧಿಕಾರಿಯಿಲ್ಲ, ಇರುವ ಹಳ್ಳಿಯೂ ಒಂದೇ. ಆದರೂ ಲಕೋಟೆಯ ಮೇಲೆ ಇವತ್ತಿಗೂ ಗಿಫು ಪ್ರಾಂತ್ಯ, ಓನೊ ಗುನ್, ಶಿರಾಕಾವಾ ಹಳ್ಳಿ ಎಂದೇ ಬರೆಯುತ್ತಾರೆ.

ತಕಾಯಾಮಾ ಪೇಟೆಯಲ್ಲಿರುವ ‘ಜಿನ್ಯಾ’ವನ್ನು ನೀವು ನೋಡಬೇಕಿತ್ತು. 1692ರಲ್ಲಿ, ಆಗ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗನ್ನರ ಸರ್ಕಾರ ಇಲ್ಲಿನ ಕನಮೊರಿ ದೊರೆಗಳನ್ನು ಬೇರೆಡೆಗೆ ಕಳಿಸಿ ಹಿದಾವನ್ನು ನೇರ ತನ್ನ ಕೈಗೆ ತೆಗೆದುಕೊಂಡಿತು. ಮರ, ಗಣಿ ಎರಡೂ ಇದ್ದ ಸೀಮೆಯನ್ನು ಯಾರು ಬಿಟ್ಟಾರು? ಆಗಿನಿಂದ ಇದು ಕಂದಾಯದ ಕಚೇರಿ. ಶೋಗನ್ನರು ಹೋದ ಮೇಲೂ 1969ರವರೆಗೆ ಇಲ್ಲಿ ಸರ್ಕಾರಿ ಕೆಲಸ ನಡೆದಿದೆ. ಕಂದಾಯದ ಅಕ್ಕಿ ತುಂಬುತ್ತಿದ್ದ ಉಗ್ರಾಣ, ಗುಮಾಸ್ತರ ಚಾಪೆ ಹಾಸಿದ ಕೋಣೆಗಳು, ವಿಚಾರಣೆಯ ಅಂಗಳ ಎಲ್ಲ ಇವೆ.

ಇಲ್ಲಿಯೇ ನಿಮ್ಮ ಇಲಾಖೆಯ ಕತೆಯೂ ಸಿಕ್ಕಿತು. 1773ರಲ್ಲಿ ಓಹಾರಾ ಎಂಬ ಅಧಿಕಾರಿ ಹಿದಾದ ಜಮೀನನ್ನೆಲ್ಲ ಮರು ಅಳತೆಗೆ ಹಾಕಿದ. ಅಳೆದರೆ ಕಂದಾಯ ಏರುತ್ತದೆಂದು ರೈತರಿಗೆ ಗೊತ್ತಿರದೆ ಇರುತ್ತದೆಯೇ? ದಂಗೆ ಎದ್ದರು. ಸೈನಿಕರು ಬಂದರು, ಮುಂದಾಳುಗಳಿಗೆ ಮರಣದಂಡನೆಯಾಯಿತು. 1771ರಿಂದ 1788ರವರೆಗೆ, ಅಪ್ಪ ಓಹಾರಾ ಸತ್ತು ಮಗ ಅದೇ ಕುರ್ಚಿಗೆ ಬಂದ ಮೇಲೂ, ಗಲಭೆ ಮತ್ತೆ ಮತ್ತೆ ಎದ್ದಿದೆ. ಕೊನೆಗೆ ಆ ಮಗನನ್ನೇ ದೂರದ ದ್ವೀಪಕ್ಕೆ ಗಡೀಪಾರು ಮಾಡಿದರು. ಪೋಡಿ ಜಗಳದಲ್ಲಿ ಯಾರೋ ನಿಮ್ಮ ಸರಪಳಿ ಕಸಿದುಕೊಂಡ ಕತೆಯನ್ನು ಇನ್ನು ಮುಂದೆ ಅಷ್ಟು ದೊಡ್ಡದು ಮಾಡಿ ಹೇಳಬೇಡಿ.

ಆಮೇಲೂ ಗೆರೆಗಳು ನಿಂತಲ್ಲಿ ನಿಲ್ಲಲಿಲ್ಲ. 1871ರಲ್ಲಿ ಹಿದಾವನ್ನು ಮೂಡಣದ ಬೆಟ್ಟಸಾಲಿನಾಚೆಗಿನ ಮತ್ಸುಮೊಟೊಗೆ ಗಂಟು ಹಾಕಿದರು. 1876ರಲ್ಲಿ ಬಿಚ್ಚಿ ಗಿಫುವಿಗೆ ಕಟ್ಟಿದರು. ಆಡಳಿತ ಕಡಿದುಕೊಂಡರೂ ಆ ದಿಕ್ಕಿನ ಹಾದಿ ಸವೆಯುತ್ತಲೇ ಇತ್ತು. ಹಿದಾದ ಬಡ ಮನೆಗಳ ಹೆಣ್ಣುಮಕ್ಕಳು 1,672 ಮೀಟರ್ ಎತ್ತರದ ನೊಮುಗಿ ಕಣಿವೆದಾರಿಯನ್ನು ಹಿಮದಲ್ಲಿ ನಡೆದು ದಾಟಿ ಒಕಾಯಾದ ರೇಷ್ಮೆ ಗಿರಣಿಗಳಿಗೆ ನೂಲು ತೆಗೆಯಲು ಹೋಗುತ್ತಿದ್ದರು. ನಾನು ಬಂದ ರೈಲುಮಾರ್ಗ ಪೂರ್ತಿಯಾದದ್ದೇ 1934ರಲ್ಲಿ.

ನೀರಿನ ಕತೆ ಇನ್ನೂ ಕಟು. ಮಿಯಾ ನದಿ ಪ್ರಾಂತ್ಯದ ಗಡಿಯಲ್ಲಿ ತಕಾಹಾರಾ ನದಿಯನ್ನು ಕೂಡಿ ಜಿಂಜೂ ಎಂಬ ಹೆಸರಿನಲ್ಲಿ ತೊಯಾಮಾ ಪ್ರಾಂತ್ಯಕ್ಕೆ ಇಳಿಯುತ್ತದೆ. ತಕಾಹಾರಾದ ದಡದಲ್ಲಿತ್ತು ಕಮಿಯೊಕಾ ಸತುವಿನ ಗಣಿ. ಅದರಿಂದ ಹರಿದ ಕ್ಯಾಡ್ಮಿಯಂ ಕೆಳಗಿನ ಭತ್ತದ ಗದ್ದೆಗಳಿಗೆ ಸೇರಿತು. ಅಲ್ಲಿನ ಜನ, ಅದರಲ್ಲೂ ವಯಸ್ಸಾದ ಹೆಂಗಸರು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಪಕ್ಕೆಲುಬು ಮುರಿದು ನರಳಿದರು. ಅದೇ ‘ಇತಾಯ್-ಇತಾಯ್’ ರೋಗ. ಅದಕ್ಕೆ ಗಣಿಯೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಗಣಿ ಗಿಫುವಿನದು, ಕಾಯಿಲೆ ತೊಯಾಮಾದ್ದು. 2001ರಲ್ಲಿ ಅದಿರು ತೆಗೆಯುವುದು ನಿಂತಿತು. ಆ ಗಣಿಯ ಬೆಟ್ಟದಡಿ, ಒಂದು ಸಾವಿರ ಮೀಟರ್ ಆಳದಲ್ಲಿ, 50,000 ಟನ್ ಶುದ್ಧ ನೀರು ತುಂಬಿದ ತೊಟ್ಟಿ ಇದೆ, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹಿಡಿಯುವುದಕ್ಕೆ. 2015ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಬಂದದ್ದು ಆ ತೊಟ್ಟಿಯ ಕೆಲಸಕ್ಕೆ. ಬೆಟ್ಟದೊಳಗೆ ಅಷ್ಟು ಚೊಕ್ಕಟ ನೀರು ಇಡಬಲ್ಲವರು ಹೊಳೆಗೆ ಬಿಟ್ಟ ನೀರನ್ನು ಅಷ್ಟು ವರ್ಷ ನೋಡದೆ ಹೋದರಲ್ಲ ಎಂದು ನನಗೆ ಸಿಟ್ಟು ಬಂತು.

ನಾಳೆ ನದಿಯ ಜೊತೆಗೇ ತೊಯಾಮಾಕ್ಕೆ ಇಳಿಯುತ್ತೇನೆ. ಆ ರೋಗದ ಬಗ್ಗೆ ಪ್ರಾಂತ್ಯ ಸರ್ಕಾರವೇ 2012ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದಿದೆ. ಅದನ್ನು ನೋಡಿಕೊಂಡು ಮುಂದಿನ ಕಾಗದ ಬರೆಯುತ್ತೇನೆ. ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ. ಬೇಸಿಗೆ ರಜೆಗೆ ಬಂದಾಗ ಇಲ್ಲಿನ ನಕಾಶೆ ಹಾಳೆಗಳನ್ನು ತರುತ್ತೇನೆ, 25,000ಕ್ಕೆ ಒಂದರ ಸ್ಕೇಲು.

ಇತಿ ನಿಮ್ಮ,
ಪುಟ್ಟಿ