ವಾಲುವ ಗಾಡಿ, ವಾಲದ ಗಾಡಿ

ಮೂರು ಚಕ್ರದ ಗಾಡಿ ಅಂದ್ರೆ ನಮ್ಮ ಕಣ್ಣ ಮುಂದೆ ಬರೋದು ಆಟೋ. ಆದರೆ ತಿರುವಿನಲ್ಲಿ ಬೈಕಿನ ಹಾಗೆ ವಾಲುವ ಮೂರು ಚಕ್ರದ ಗಾಡಿಗಳೂ ಇವೆ. ವೆಸ್ಪಾ ಮಾಡುವ ಇಟಲಿಯ ಪಿಯಾಜಿಯೋ ಕಂಪನಿ 2006ರಲ್ಲಿ ಎಂಪಿ3 ಅನ್ನೋ ಸ್ಕೂಟರ್ ತಂದಿತು. ಮುಂದೆ ಎರಡು ಚಕ್ರ, ಹಿಂದೆ ಒಂದು. 2018ರಲ್ಲಿ ಯಮಹಾದವರು ನೈಕೆನ್ ಅನ್ನೋ ದೊಡ್ಡ ಬೈಕನ್ನೇ ಹಾಗೆ ಮಾಡಿ ಮಾರಾಟಕ್ಕೆ ಬಿಟ್ಟರು.

ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಬೈಕ್ ಓಡಿಸುವ ನಾವೆಲ್ಲ ನಕ್ಕೆವು. "ಬೀಳೋ ಭಯ ಇಲ್ಲದ ಮೇಲೆ ಅದೆಂಥ ಬೈಕು?" ಅಂದರು ಒಬ್ಬರು. ತಿರುಪ್ಪೂರಿನ ಬೀದಿಗಳನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರು, "ಬನಿಯನ್ ಬಂಡಲ್ ಹೇರೋಕೆ ಟಿವಿಎಸ್ ಎಕ್ಸೆಲ್ ಇರುವಾಗ ಇದ್ಯಾಕೆ?" ಅಂದರು. ಆಳಿಯಾರಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವು ಹತ್ತಿದವರು ಮಾತ್ರ ಸ್ವಲ್ಪ ಯೋಚಿಸಿದರು. ತಿರುವಿನಲ್ಲಿ ಮರಳಿದ್ದರೆ ಸ್ಕೂಟರಿನ ಪುಟ್ಟ ಮುಂಚಕ್ರ ಜಾರಿತು ಅಂತಲೇ ಲೆಕ್ಕ. ಎರಡಿದ್ದರೆ ಒಂದು ಜಾರಿದರೂ ಇನ್ನೊಂದು ಹಿಡಿದೀತು.

ವಾಲದೆ ವಿಧಿಯಿಲ್ಲ ನೋಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವಿಗೆ ಬೈಕು ಸುಮಾರು 20 ಡಿಗ್ರಿ ವಾಲಬೇಕು. ಎಂಪಿ3ರಲ್ಲಿ ಮುಂದಿನ ಎರಡು ಚಕ್ರಗಳನ್ನು ಹಿಡಿದ ತೋಳುಗಳು ಸಮಾಂತರ ಚತುರ್ಭುಜದಂತೆ ಓರೆಯಾಗಿ, ಚಕ್ರಗಳೂ ಗಾಡಿಯ ಜೊತೆಗೇ ವಾಲುತ್ತವೆ. (ರೇಖಾಗಣಿತ ಯಾತಕ್ಕೆ ಅಂತ ಕೇಳುವ ಮಕ್ಕಳಿಗೆ ಹೇಳಬಹುದು!)

ನಮ್ಮಲ್ಲಿ ಒಬ್ಬರು ಟೀಚರ್ ಇದ್ದಾರೆ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲಿಗೆ ಬಲವಿಲ್ಲ. ಓಡಿಸುವುದು ಹಿಂದೆ ಎರಡೂ ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್. ತಮಿಳುನಾಡು ಸರ್ಕಾರ ಅಂಗವಿಕಲರಿಗೆ ಉಚಿತವಾಗಿ ಕೊಡುತ್ತದಲ್ಲ, ಅಂಥದ್ದೇ. ನಮ್ಮ ಚರ್ಚೆಯನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದರು: "ತಿರುವಿನಲ್ಲಿ ನಿಮ್ಮ ಗಾಡಿ ವಾಲುತ್ತೆ ಸಾರ್. ನನ್ನದು ವಾಲಲ್ಲ, ನಾನೇ ವಾಲಬೇಕು. ರಸ್ತೆ ಅಂಚಿಗೆ ಇಳಿಸಿದರೆ ಗಾಡಿ ಇಳಿಜಾರಿನ ಕಡೆಗೇ ಓರೆಯಾಗುತ್ತೆ. ಅದಿರಲಿ, ಸಿಗ್ನಲ್‌ನಲ್ಲಿ ನಿಂತಾಗ ಅದಕ್ಕೆ ಕಾಲೂರಬೇಕಾ?"

ಬೈಕ್ ಓಡಿಸುವ ಆರು ಜನರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ!

ನೈಕೆನ್‌ಗೆ ಕಾಲೂರಲೇಬೇಕು, ಇಲ್ಲದಿದ್ದರೆ ಮೂರು ಚಕ್ರವಿದ್ದೂ ಬೀಳುತ್ತದೆ. ಎಂಪಿ3ರಲ್ಲಿ ನಿಲ್ಲುವ ಹೊತ್ತಿಗೆ ಒಂದು ಸ್ವಿಚ್ ಒತ್ತಿದರೆ ವಾಲುವುದು ಬಂದ್ ಆಗಿ ತಾನೇ ನಿಲ್ಲುತ್ತದೆ. ಅವಿನಾಶಿ ರಸ್ತೆಯ ಸಿಗ್ನಲ್‌ಗಳಲ್ಲಿ ಅದೇ ಬೇಕಾದದ್ದು.

"ಕೊಯಮತ್ತೂರಲ್ಲಿ ಸಿಗುತ್ತಾ?"

ಇಲ್ಲಿನ ಶೋರೂಮುಗಳಲ್ಲಿ ಇಲ್ಲ ಅಂದೆವು.

"ಹಾಗಾದ್ರೆ ಈ ವಾರ ಪಕ್ಕದ ಚಕ್ರದ ಬೇರಿಂಗ್ ಬದಲಾಯಿಸಿಬಿಡ್ತೀನಿ," ಅಂದು ಕ್ಲಾಸಿಗೆ ಹೋದರು.