ಕಣ್ಣಪ್ಪನನ್ನು ಕಂಡ ರಾತ್ರಿ

ಕನ್ನಡ, ತೆಲುಗುಗಳೆರಡೂ ಕಿವಿಗೆ ಬೀಳುವ ಮುಳಬಾಗಿಲು ಸೀಮೆಯ ದೇವರಾಯಸಮುದ್ರದಲ್ಲಿ ಬೆಳೆದ ನಮಗೆ ಬಾಲ್ಯದಿಂದಲೂ ನಾಟಕ, ಸಿನಿಮಾಗಳ ಹುಚ್ಚು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರರು 'ಬೇಡರ ಕಣ್ಣಪ್ಪ'ನಾದದ್ದು 1954ರಲ್ಲಿ, ನಾವು ಹುಟ್ಟುವ ಮೊದಲೇ. ತೆಲುಗಿನ 'ಕಾಳಹಸ್ತಿ ಮಹಾತ್ಮ್ಯಂ' ಚಿತ್ರದಲ್ಲಿಯೂ ಅವರೇ ಕಣ್ಣಪ್ಪ.

ಮಠದಲ್ಲಿ ಓದುತ್ತಿದ್ದಾಗ ಆ ಹಳೆಯ ಚಿತ್ರವು ಟೆಂಟಿಗೆ ಮರಳಿ ಬಂದಿತು. ಗುರುಗಳ ಕಣ್ಣು ತಪ್ಪಿಸಿ ಹೋದೆವು. ಮುಂಜಾನೆಯ ಪೂಜೆಯಲ್ಲಿ ತೂಕಡಿಸಿ ಸಿಕ್ಕಿಬಿದ್ದೆವು.

“ಏನು ನೋಡಿದೆಯಪ್ಪಾ?” ಎಂದರು ಗುರುಗಳು.

“ಶಿವನಿಗೆ ಕಣ್ಣು ಕಿತ್ತುಕೊಟ್ಟ ಭಕ್ತನನ್ನು, ಬುದ್ಧಿ.”

“ಅವನು ಕಣ್ಣನ್ನೇ ಕೊಟ್ಟ, ನೀನು ನಮ್ಮ ಕಣ್ಣು ತಪ್ಪಿಸಿದೆ. ಕೇಳಿದ್ದರೆ ನಾವೂ ಬರುತ್ತಿದ್ದೆವಲ್ಲ!”

ಜೊತೆಗೂಡಿ ನೋಡುವ ಯೋಗ ಒದಗುವ ಮೊದಲೇ ಅವರು ಲಿಂಗೈಕ್ಯರಾದರು. ಆ ಕೊರಗು ಇಂದಿಗೂ ಆರಿಲ್ಲ. 1997ರಲ್ಲಿ ಸಾಣೇಹಳ್ಳಿಯ ಮಠವೇ 'ಶಿವಸಂಚಾರ'ವೆಂಬ ನಾಟಕತಂಡವನ್ನು ಕಟ್ಟಿ ಊರೂರಿಗೆ ಕಳುಹಿದಾಗ, ಗುರುಗಳು ಇದ್ದಿದ್ದರೆ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು ಎನಿಸಿತು.

ಈಗ ಮೊಮ್ಮಕ್ಕಳ ವಯಸ್ಸಿನವರು ಮೊಬೈಲನ್ನು ಮರೆಮಾಡಿ ಕ್ರಿಕೆಟ್ಟನ್ನೋ ಸಿನಿಮಾವನ್ನೋ ನೋಡುತ್ತಿದ್ದರೆ ನಾವು ಗದರಿಸುವುದಿಲ್ಲ. ಪಕ್ಕದಲ್ಲಿ ಕುಳಿತು, “ಏನು ನೋಡುತ್ತಿದ್ದೀಯಪ್ಪಾ?” ಎನ್ನುತ್ತೇವೆ. ಶರಣಬಂಧುಗಳೇ, ಒಮ್ಮೆ ತಾವೂ ಕೇಳಿರಿ. ಮಕ್ಕಳು ಮೊಬೈಲನ್ನು ನಮ್ಮ ಕಡೆಗೂ ತಿರುಗಿಸುತ್ತಾರೆ.